ಚೆನ್ನೈ ಬಂದರಿನ ಗೇಟು ಮುಚ್ಚಿದಾಗ

ಚಂಡಮಾರುತ ಬರುತ್ತಿದೆ ಅಂದರೆ ಬಂದರಿನವರು ಮೊದಲು ಮಾಡುವ ಕೆಲಸ, ಒಳಗೆ ನಿಂತಿರುವ ಹಡಗುಗಳನ್ನು ಆಚೆ ಸಮುದ್ರಕ್ಕೆ ಕಳಿಸುವುದು. ಮೊದಲ ಸಲ ಕೇಳಿದಾಗ ನನಗೆ ಉಲ್ಟಾ ಅನಿಸಿತು. ಗಾಳಿ ಎದ್ದರೆ ಮೀನುಗಾರರು ದೋಣಿಯನ್ನು ದಡಕ್ಕೆ ಎಳೆದು ಹಾಕುತ್ತಾರೆ, ಅಲ್ವಾ? ದೊಡ್ಡ ಹಡಗಿನ ಲೆಕ್ಕವೇ ಬೇರೆ. ಜೆಟ್ಟಿಗೆ ಕಟ್ಟಿದ ಹಡಗು ಅಲೆ ಜೋರಾದಾಗ ಹಗ್ಗ ಕಿತ್ತುಕೊಳ್ಳುತ್ತದೆ, ಗೋಡೆಗೆ ಬಡಿಯುತ್ತದೆ, ದಡದ ಮೇಲಿನ ಕ್ರೇನಿಗೂ ಗುದ್ದುತ್ತದೆ. ಆಳ ಸಮುದ್ರದಲ್ಲಿ ಎಂಜಿನ್ ಚಾಲೂ ಇಟ್ಟುಕೊಂಡು ಅಲೆಗೆ ಮುಖ ಕೊಟ್ಟು ನಿಂತರೆ ಬಚಾವಾಗುತ್ತದೆ.

ಇದನ್ನೆಲ್ಲ ನಾನು ತಿಳಿದುಕೊಂಡಿದ್ದು 2023ರ ಡಿಸೆಂಬರ್‌ನಲ್ಲಿ, ಮಿಚಾಂಗ್ ಚಂಡಮಾರುತ ಬಂದಾಗ. ಅದೂ ಚೆನ್ನೈನಿಂದ ನಾನೂರು ಚಿಲ್ಲರೆ ಕಿಲೋಮೀಟರ್ ದೂರದ ತುಮಕೂರಿನಲ್ಲಿ ಕೂತು. ನನ್ನ ಕೆಲಸ ಕುಣಿಗಲ್ ದಾರಿಯಲ್ಲಿರುವ ಒಂದು ಸಣ್ಣ ಮಿಡಿಸೌತೆ ಘಟಕದಲ್ಲಿ. ಮಾಲು ಲೋಡ್ ಮಾಡಿಸುವುದು, ರಫ್ತಿನ ಕಾಗದಪತ್ರ ನೋಡಿಕೊಳ್ಳುವುದು, ಕಂಟೇನರ್ ಎಲ್ಲಿದೆ ಅಂತ ಮಾಲೀಕರು ಕೇಳಿದಾಗ ಉತ್ತರ ಕೊಡುವುದು. ಆ ತಿಂಗಳು ಕೊನೆಯದೇ ದೊಡ್ಡ ಕೆಲಸವಾಗಿಬಿಟ್ಟಿತು.

ಮಿಡಿಸೌತೆ ಗೊತ್ತಿಲ್ಲದವರಿಗೆ ಒಂದು ಮಾತು. ಬೆರಳುದ್ದದ ಈ ಕಾಯಿಯನ್ನು ನಮ್ಮವರು ಅಷ್ಟಾಗಿ ತಿನ್ನುವುದಿಲ್ಲ. ಬೆಳೆದದ್ದೆಲ್ಲ ಹೆಚ್ಚುಕಡಿಮೆ ಹೊರದೇಶಕ್ಕೇ ಹೋಗುತ್ತದೆ. 1990ರ ದಶಕದ ಶುರುವಿನಲ್ಲಿ ಕರ್ನಾಟಕದಲ್ಲೇ ಇದರ ರಫ್ತು ಆರಂಭವಾಯಿತು. 2020-21ರಲ್ಲಿ ಭಾರತದಿಂದ 2 ಲಕ್ಷ 23 ಸಾವಿರ ಟನ್‌ಗೂ ಜಾಸ್ತಿ ಸೌತೆ ಮತ್ತು ಮಿಡಿಸೌತೆ ಹೊರಗೆ ಹೋಗಿದೆ. ಮೂರು ತಿಂಗಳ ಬೆಳೆ. ಬೀಜ, ಗೊಬ್ಬರ ಕಂಪನಿಯವರೇ ಕೊಡುತ್ತಾರೆ, ಮೊದಲೇ ಹೇಳಿದ ದರಕ್ಕೆ ಕಾಯಿ ತೆಗೆದುಕೊಳ್ಳುತ್ತಾರೆ. ದರ ನಿಲ್ಲುವುದು ಗಾತ್ರದ ಮೇಲೆ. ಕಿಲೋಗೆ ನೂರಾರು ಕಾಯಿ ತೂಗಿದರೆ ಒಳ್ಳೆಯ ದರ, ಮೂವತ್ತು ನಲವತ್ತು ಬಂದರೆ ಕಡಿಮೆ. ಹಾಗಾಗಿ ದಿನಾ ಕೀಳಬೇಕು. ಒಂದು ದಿನ ಬಿಟ್ಟರೆ ಕಾಯಿ ಊದಿಕೊಂಡು ಮುಂದಿನ ಗ್ರೇಡಿಗೆ ಹೋಗಿಬಿಡುತ್ತದೆ.

ಬಂದರು ಎರಡು ದಿನ ನಿಲ್ಲಬಹುದು, ಬಳ್ಳಿ ನಿಲ್ಲುವುದಿಲ್ಲ. ಆ ಡಿಸೆಂಬರ್‌ನ ನಮ್ಮ ತಾಪತ್ರಯವೆಲ್ಲ ಶುರುವಾಗಿದ್ದು ಇಲ್ಲಿಂದಲೇ.

ಎಲ್ಲ ಸರಿಯಿದ್ದಾಗ ಕೆಲಸ ಹೀಗೆ ನಡೆಯುತ್ತದೆ. ಶಿಪ್ಪಿಂಗ್ ಲೈನಿನವರ, ಅಂದರೆ ಹಡಗು ಕಂಪನಿಯವರ ಹತ್ತಿರ ಹಡಗಿನಲ್ಲಿ ಜಾಗ ಬುಕ್ ಮಾಡುತ್ತೇವೆ. ಖಾಲಿ ಕಂಟೇನರ್ ಹೊತ್ತ ಟ್ರೈಲರ್ ಘಟಕಕ್ಕೆ ಬರುತ್ತದೆ. ಬಂದ ಕೂಡಲೇ ನಮ್ಮ ಹುಡುಗ ಒಬ್ಬ ಒಳಗೆ ಹೋಗಿ ನಿಲ್ಲುತ್ತಾನೆ, ಹೊರಗಿನಿಂದ ಎರಡೂ ಬಾಗಿಲು ಹಾಕುತ್ತೇವೆ. ಒಳಗೆ ಗವ್ವೆನ್ನುವ ಕತ್ತಲು. ಎಲ್ಲಾದರೂ ಸೂಜಿಮೊನೆಯಷ್ಟು ಬೆಳಕು ಕಂಡರೆ ಅವನು ಒಳಗಿನಿಂದ ತಗಡು ಬಡಿಯುತ್ತಾನೆ. ಬೆಳಕು ಬರುವ ಕಡೆ ನೀರೂ ಬರುತ್ತದೆ. ಅಂಥ ಕಂಟೇನರನ್ನು ವಾಪಸ್ ಕಳಿಸುತ್ತೇವೆ. ಸರಿಯಿದ್ದರೆ ವಿನೆಗರ್ ಅಥವಾ ಉಪ್ಪುನೀರಿನಲ್ಲಿ ಮುಳುಗಿಸಿದ ಕಾಯಿಯ ಪ್ಲಾಸ್ಟಿಕ್ ಡ್ರಮ್ಮುಗಳನ್ನು ತುಂಬಿಸಿ, ಎಲೆಕ್ಟ್ರಾನಿಕ್ ಸೀಲ್ ಹಾಕಿ, ತೂಕದ ಚೀಟಿ ಮಾಡಿಸಿ ಕಳಿಸುವುದು. ಕಂಟೇನರಿನ ಒಟ್ಟು ತೂಕವನ್ನು ಮೊದಲೇ ಖಚಿತವಾಗಿ ಕೊಡದಿದ್ದರೆ 2016ರ ಜುಲೈನಿಂದ ಯಾವ ಹಡಗೂ ಹತ್ತಿಸಿಕೊಳ್ಳುವುದಿಲ್ಲ. ಆಮೇಲೆ ಕಸ್ಟಮ್ಸ್‌ಗೆ ರಫ್ತಿನ ವಿವರ ಕೊಡುವ ಶಿಪ್ಪಿಂಗ್ ಬಿಲ್, ಗಿಡರೋಗ ಇಲ್ಲ ಅನ್ನುವ ಪ್ರಮಾಣಪತ್ರ, ಬಂದರಿನ ಗೇಟಿನ ಒಳಗೆ ಬಿಡಲು ಫಾರ್ಮ್ 13. ಪ್ರತಿ ಹಡಗಿಗೂ ಗೇಟ್ ಯಾವಾಗ ತೆರೆಯುತ್ತದೆ, ಯಾವಾಗ ಕಟ್‌ಆಫ್, ಅಂದರೆ ಕೊನೆಯ ಗಡುವು ಅನ್ನೋದು ನಿಗದಿಯಾಗಿರುತ್ತದೆ. ಆ ನಡುವೆ ನಮ್ಮ ಬಾಕ್ಸ್, ಅಂದರೆ ಕಂಟೇನರ್, ಒಳಗೆ ಹೋಗಬೇಕು.

ಆ ಸಲ ನಮ್ಮದು ಎರಡು ಕಂಟೇನರ್. ಎರಡೂ ಬೆಲ್ಜಿಯಂನ ಆಂಟ್‌ವರ್ಪ್‌ಗೆ, ಆದರೆ ಬೇರೆ ಬೇರೆ ಬೈಯರ್‌ಗಳಿಗೆ. ಚೆನ್ನೈನಿಂದ ಸಣ್ಣ ಹಡಗಿನಲ್ಲಿ ಕೊಲಂಬೊ, ಅಲ್ಲಿ ದೊಡ್ಡ ಹಡಗಿಗೆ ಬದಲಾಯಿಸಿ ಸೂಯೆಜ್ ಕಾಲುವೆಯ ಮೂಲಕ ಯುರೋಪ್. ಒಂದು ಬಾಕ್ಸ್ ಶನಿವಾರ, ಡಿಸೆಂಬರ್ 2ಕ್ಕೆ ಚೆನ್ನೈ ಬಂದರಿನ ಒಳಗೆ ಹೋಯಿತು. ಇನ್ನೊಂದು ಅವತ್ತು ಸಂಜೆ ನೆಲಮಂಗಲ, ಹೊಸಕೋಟೆ, ಕೋಲಾರ ದಾಟಿ ಮುಳಬಾಗಿಲಿನ ಕಡೆ ಹೋಗುತ್ತಿತ್ತು.

ರಾತ್ರಿ ಚೆನ್ನೈನಲ್ಲಿ ನಮ್ಮ ಬಂದರು, ಕಸ್ಟಮ್ಸ್ ಕೆಲಸ ಮಾಡಿಸುವ ಕ್ಲಿಯರಿಂಗ್ ಏಜೆಂಟ್ ಫೋನ್ ಮಾಡಿದರು. ಮೂಲತಃ ಕೆಜಿಎಫ್‌ನವರು. ಕನ್ನಡ ತಮಿಳು ಎರಡೂ ಬೆರೆಸಿ ಮಾತಾಡುತ್ತಾರೆ.

"ಸಾರ್, ಗಾಡಿ ಎಲ್ಲಿದೆ ಈಗ?"

"ನಂಗಲಿ ಹತ್ರ ಇರ್ಬೇಕು."

"ರಾಣಿಪೇಟೆ ದಾಟಿಸ್ಬೇಡಿ ಸಾರ್. ಎತ್ತರದ ಜಾಗ ನೋಡ್ಕೊಂಡು ನಿಲ್ಸೋಕೆ ಹೇಳಿ. ಇಲ್ಲಿ ಬಂದ್ರೆ ಗಾಡಿ ಒಳಗೂ ಹೋಗಲ್ಲ, ವಾಪಸ್ಸೂ ಬರಲ್ಲ."

ಡ್ರೈವರ್ ಪಾವಗಡದ ಕಡೆಯವರು, ವಯಸ್ಸಾದವರು. ಅವರಿಗೆ ಫೋನ್ ಮಾಡಿ "ಯಜಮಾನ್ರೇ, ವಾಲಾಜಪೇಟೆ ಈಚೆಗೇ ಎಲ್ಲಾದ್ರೂ ಹಾಕ್ಕೊಳ್ಳಿ" ಅಂದೆ. "ಇಲ್ಲಿ ಮೋಡ ಬಿಟ್ರೆ ಏನೂ ಇಲ್ವಲ್ಲ ಸಾರ್, ಬೆಳಗಾನ ಮುಂಚೆ ಮುಟ್ಟಿಸ್ಬಿಡ್ತೀನಿ" ಅಂತ ಸ್ವಲ್ಪ ವಾದ ಮಾಡಿದರು. ಕೊನೆಗೆ ಒಂದು ಪೆಟ್ರೋಲ್ ಬಂಕಿನ ಪಕ್ಕ ನಿಲ್ಲಿಸಿದರು. ಆ ಸಮಯದಲ್ಲಿ ಏಜೆಂಟ್ ಮಾತು ನನಗೂ ಅತಿ ಎಚ್ಚರಿಕೆ ಅನಿಸಿತ್ತು.

ಮುಂದಿನ ಎರಡು ದಿನ ಬಂದರಿನಲ್ಲಿ ಏನಾಗುತ್ತದೆ ಅನ್ನೋದನ್ನು ಏಜೆಂಟೇ ಬಿಡುವಿದ್ದಾಗಲೆಲ್ಲ ವಿವರಿಸಿದರು. ನಮ್ಮ ದೇಶದ ಬಂದರುಗಳಲ್ಲಿ ಚಂಡಮಾರುತದ ಎಚ್ಚರಿಕೆಗೆ 1ರಿಂದ 11ರವರೆಗೆ ನಂಬರ್ ಇದೆ. 1, 2 ಅಂದರೆ ದೂರದಲ್ಲಿ ಏನೋ ಎದ್ದಿದೆ. 3, 4 ಅಂದರೆ ಬಂದರಿಗೂ ತಟ್ಟಬಹುದು. 5ರಿಂದ 7 ಅಪಾಯ, 8ರಿಂದ 10 ದೊಡ್ಡ ಅಪಾಯ. 11 ಅಂದರೆ ಹವಾಮಾನ ಕಚೇರಿಯ ಸಂಪರ್ಕವೇ ಕಡಿದುಹೋಗಿದೆ, ಪರಿಸ್ಥಿತಿ ನೋಡಿ ನೀವೇ ತೀರ್ಮಾನ ಮಾಡಿ ಅಂತ. ಹಗಲು ಕಂಬಕ್ಕೆ ಶಂಕು, ಉರುಳೆ ಆಕಾರಗಳನ್ನು ಏರಿಸುತ್ತಾರೆ, ರಾತ್ರಿ ಕೆಂಪು ಬಿಳಿ ದೀಪ. ಮೊಬೈಲ್ ಕಾಲದಲ್ಲೂ ಇದು ಹಾಗೇ ಉಳಿದಿದೆ. ಉಳಿಯಬೇಕಾದ್ದೇ. ಟವರ್ ಬಿದ್ದರೂ ಕಂಬ ಕಾಣುತ್ತದೆ.

ನಂಬರ್ ಏರಿದ ಹಾಗೆ ಒಂದೊಂದೇ ಕೆಲಸ. ಹಡಗು ಆಚೆ ಕಳಿಸುವುದು ಆಯಿತು. ಗಾಳಿ ಗಂಟೆಗೆ 70 ಕಿಲೋಮೀಟರ್ ಆಸುಪಾಸು ಬರುವ ಹೊತ್ತಿಗೆ ದೊಡ್ಡ ಕ್ರೇನುಗಳು ಕೆಲಸ ನಿಲ್ಲಿಸಲೇಬೇಕು. ಅವುಗಳ ಉದ್ದ ತೋಳನ್ನು ಮೇಲಕ್ಕೆ ಎತ್ತಿ, ಗಾಲಿಗಳನ್ನು ಪಿನ್ ಹಾಕಿ ನೆಲಕ್ಕೆ ಬಿಗಿಯುತ್ತಾರೆ. ಯಾರೂ ಈ ಕೆಲಸವನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2003ರ ಸೆಪ್ಟೆಂಬರ್‌ನಲ್ಲಿ ಮೇಮಿ ಅನ್ನುವ ಚಂಡಮಾರುತ ಕೊರಿಯಾದ ಬೂಸಾನ್ ಬಂದರಿನಲ್ಲಿ ಇಂಥ 11 ಕ್ರೇನುಗಳನ್ನು ಉರುಳಿಸಿತ್ತು. ಯಾರ್ಡಿನಲ್ಲಿ ಒಂದರ ಮೇಲೊಂದು ಪೇರಿಸಿದ ಖಾಲಿ ಕಂಟೇನರುಗಳನ್ನು ಇಳಿಸಿ, ಎತ್ತರ ಕಡಿಮೆ ಮಾಡಿ, ಒಂದಕ್ಕೊಂದು ಕಟ್ಟುತ್ತಾರೆ. ತುಂಬಿದ ಬಾಕ್ಸ್ ಜಗ್ಗುವುದಿಲ್ಲ, ಖಾಲಿ ಬಾಕ್ಸ್ ಹಾರುತ್ತದೆ. ನಮ್ಮ ಮೊದಲ ಬಾಕ್ಸ್ ಬಗ್ಗೆ ನನಗೆ ಧೈರ್ಯ ಬಂದಿದ್ದು ಆ ಮಾತಿನಿಂದಲೇ.

ಹಡಗನ್ನು ಆಚೆ ಕಳಿಸಿದರೆ ಸಾಕೇ ಅಂತ ಕೇಳಿದೆ. ಸಾಲದು ಅಂದರು. 2012ರ ಅಕ್ಟೋಬರ್ 31ರಂದು ನೀಲಂ ಚಂಡಮಾರುತ ಬಂದಾಗ ಚೆನ್ನೈ ಆಚೆ ಲಂಗರು ಹಾಕಿದ್ದ 'ಪ್ರತಿಭಾ ಕಾವೇರಿ' ಅನ್ನುವ ಟ್ಯಾಂಕರ್ ಹಡಗಿನ ಲಂಗರು ಹಿಡಿತ ತಪ್ಪಿತು. ಗಾಳಿ ತಳ್ಳಿಕೊಂಡು ಬಂದು ಬೆಸೆಂಟ್ ನಗರದ ಹತ್ತಿರ ಮರಳಿಗೆ ಕೂರಿಸಿತು. ಇಳಿದು ಬದುಕಿಕೊಳ್ಳಲು ಹೋದವರ ದೋಣಿ ಮಗುಚಿ ಕೆಲವರು ತೀರಿಕೊಂಡರು. ಹಡಗು ಆಚೆ ಇದ್ದರಷ್ಟೇ ಆಗುವುದಿಲ್ಲ, ಅದರಲ್ಲಿ ಇಂಧನ ಇರಬೇಕು, ಎಂಜಿನ್ ಓಡುತ್ತಿರಬೇಕು.

ಬಂದರುಗಳು ಈ ಪಾಠಗಳನ್ನೆಲ್ಲ ಪೆಟ್ಟು ತಿಂದೇ ಕಲಿತಿರುವುದು. 1998ರ ಜೂನ್‌ನಲ್ಲಿ ಗುಜರಾತಿನ ಕಾಂಡ್ಲಾಕ್ಕೆ ಚಂಡಮಾರುತ ಬಡಿದಾಗ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ಬಂದರಿನ ಸುತ್ತಮುತ್ತ, ಉಪ್ಪಿನ ಗದ್ದೆಗಳಲ್ಲಿ ಇದ್ದ ಕೂಲಿಯವರೇ ಜಾಸ್ತಿ. ಚೆನ್ನೈ ಬಂದರಂತೂ ಹುಟ್ಟುವಾಗಲೇ ಪೆಟ್ಟು ತಿಂದಿದೆ. 1881ರ ನವೆಂಬರ್‌ನಲ್ಲಿ ಇನ್ನೇನು ಅಲೆತಡೆ ಗೋಡೆ ಮುಗಿಯಿತು ಅನ್ನುವಾಗ ಚಂಡಮಾರುತ ಬಂದು ಅರ್ಧ ಮೈಲಿಗೂ ಜಾಸ್ತಿ ಗೋಡೆಯನ್ನು ಎಳೆದುಕೊಂಡು ಹೋಯಿತು.

ಡಿಸೆಂಬರ್ 3ರ ರಾತ್ರಿಯಿಂದ 4ರವರೆಗೆ ಚೆನ್ನೈ ಮೇಲೆ ಮಳೆ ಸುರಿದದ್ದು ಎಲ್ಲರೂ ಟಿವಿಯಲ್ಲಿ ನೋಡಿದ್ದೀರಿ. ವಿಮಾನ ನಿಲ್ದಾಣ ಮುಚ್ಚಿತು. ಬೇಸಿನ್ ಬ್ರಿಡ್ಜ್ ಮತ್ತು ವ್ಯಾಸರ್‌ಪಾಡಿ ನಡುವಿನ ಸೇತುವೆಯ ಹತ್ತಿರ ನೀರು ಏರಿ ಸೆಂಟ್ರಲ್ ಸ್ಟೇಷನ್‌ನಿಂದ ಹೊರಡುವ ರೈಲುಗಳು ರದ್ದಾದವು. ಕರೆಂಟ್ ತೆಗೆದರು. ಸೋಮವಾರ ಮಧ್ಯಾಹ್ನದಿಂದ ಏಜೆಂಟ್ ಫೋನ್ ಸಿಗಲೇ ಇಲ್ಲ. ಲೈನಿನವರ ವೆಬ್‌ಸೈಟಿನಲ್ಲಿ ಮಾತ್ರ ನಮ್ಮ ಹಡಗು ಇನ್ನೂ 'ನಿಗದಿತ ಸಮಯಕ್ಕೆ' ಅಂತ ತೋರಿಸುತ್ತಿತ್ತು. ಅದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇತ್ತ ತುಮಕೂರಿನಲ್ಲಿ ಬರೀ ತುಂತುರು. ಸಂಜೆ ಆರಕ್ಕೆ ಎಂದಿನ ಹಾಗೆ ಹಳ್ಳಿಗಳಿಂದ ಕಾಯಿ ತುಂಬಿದ ಗಾಡಿಗಳು ಬಂದವು. ಉಪ್ಪುನೀರಿಗೆ ಹಾಕಲು ಖಾಲಿ ಡ್ರಮ್ ಕಡಿಮೆ ಇದ್ದವು, ಯಾಕಂದರೆ ಹೋಗಬೇಕಾಗಿದ್ದ ಡ್ರಮ್ ಹೋಗಿರಲಿಲ್ಲ. ಎರಡು ದಿನ ಕೊಯ್ಲು ನಿಧಾನ ಮಾಡಿ ಅಂತ ನಮ್ಮ ಫೀಲ್ಡಿನವರು ಹೇಳಿಬಂದಿದ್ದರು. ತೂಕದ ಹತ್ತಿರ ಒಬ್ಬ ಹೆಂಗಸು ನನ್ನನ್ನೇ ಕೇಳಿದರು:

"ಏನ್ಸಾರ್, ಮದ್ರಾಸಲ್ಲಿ ಮಳೆ ಅಂತ ಇಲ್ಲಿ ಕಾಯಿ ಕೀಳ್ಬೇಡಿ ಅಂದ್ರೆ ಹೆಂಗೆ? ನಾಳೆ ಇದು ದಪ್ಪ ಆದ್ರೆ ರೇಟು ನೀವು ಕೊಡ್ತೀರಾ?"

"ಕೊಡೋಕೆ ನಾನ್ಯಾರಕ್ಕಾ, ಮಾಲೀಕ್ರ ಹತ್ರ ಮಾತಾಡ್ತೀನಿ" ಅಂದೆ. ಮಾತಾಡಿದೆ ಕೂಡ. ಕೊನೆಗೆ ಬಂದ ಕಾಯಿಯನ್ನೆಲ್ಲ ತೆಗೆದುಕೊಂಡೆವು, ಡ್ರಮ್ಮುಗಳನ್ನು ಪಕ್ಕದ ಇನ್ನೊಂದು ಘಟಕದವರಿಂದ ಕೈಗಡ ತಂದೆವು. ಕೊಯ್ಲು ನಿಧಾನ ಮಾಡಿ ಅನ್ನೋದು ಆಫೀಸಿನಲ್ಲಿ ಕೂತು ಹೇಳುವ ಮಾತು. ರೈತರು ಕೇಳಲಿಲ್ಲ. ಅವರು ಮಾಡಿದ್ದೇ ಸರಿ.

ಮಿಚಾಂಗ್ 5ರ ಮಧ್ಯಾಹ್ನ ಆಂಧ್ರದ ಬಾಪಟ್ಲಾ ಹತ್ತಿರ ದಡ ಸೇರಿತು. ಚೆನ್ನೈಗೆ ಅಷ್ಟೊತ್ತಿಗೆ ಬಿಸಿಲು. ಸರಿ, ಇನ್ನು ಶುರುವಾಗುತ್ತದೆ ಅಂದುಕೊಂಡೆವು. ಮಾಲೀಕರು "ನೀನೇ ಒಂದ್ಸಲ ಹೋಗಿ ನೋಡ್ಕೊಂಡು ಬಾ" ಅಂದರು. ರಾತ್ರಿ ಬಸ್ಸಿಗೆ ಹೊರಟೆ.

ಅಲ್ಲಿ ಕಂಡದ್ದು ನಾನು ಅಂದುಕೊಂಡಿದ್ದಕ್ಕಿಂತ ಬೇರೆ. ಸಮುದ್ರದ ಕಡೆ ಬಂದರು ಬೇಗ ಎದ್ದು ನಿಲ್ಲುತ್ತದೆ. ಹಡಗು ಬರುವ ಕಾಲುವೆಯಲ್ಲಿ ಹೂಳೋ, ಕಿತ್ತುಬಂದ ಸಾಮಾನೋ ಇದೆಯಾ ಅಂತ ಆಳ ಅಳೆದು ನೋಡುತ್ತಾರೆ. ಕ್ರೇನಿನ ಪಿನ್ ತೆಗೆದು ಪರೀಕ್ಷೆ ಮಾಡುತ್ತಾರೆ. ಹಡಗಿಗೆ ದಾರಿ ತೋರಿಸುವ ಬಂದರಿನ ಪೈಲಟ್‌ಗಳು ಹೋಗಿ ಒಂದೊಂದೇ ಹಡಗನ್ನು ಒಳಗೆ ತರುತ್ತಾರೆ. ತೊಂದರೆ ಇರುವುದು ಭೂಮಿಯ ಕಡೆ. ಯಾರ್ಡಿನಲ್ಲಿ ಆಮದಿನ ಬಾಕ್ಸ್ ತುಂಬಿ ಕೂತಿವೆ, ಯಾಕಂದರೆ ಅವುಗಳನ್ನು ಒಯ್ಯಬೇಕಾದ ಗೋಡೌನುಗಳಲ್ಲಿ ನೀರು. ನೀರು ಇಳಿದರೂ ಕೆಲಸದವರು ಬಂದಿಲ್ಲ, ಅವರ ಮನೆಗಳೇ ಮುಳುಗಿವೆ. ಆಮದು ಹೊರಗೆ ಹೋಗದೆ ರಫ್ತಿಗೆ ಜಾಗ ಇಲ್ಲ. ರಫ್ತಿನ ಬಾಕ್ಸ್ ಒಳಗೆ ಬರದೆ ಹಡಗಿಗೆ ಲೋಡ್ ಇಲ್ಲ. ಸಿದ್ಧಗಂಗೆ ಜಾತ್ರೆ ಮುಗಿದ ರಾತ್ರಿ ಕ್ಯಾತ್ಸಂದ್ರದಲ್ಲಿ ಎಲ್ಲ ಬಸ್ಸೂ ಒಟ್ಟಿಗೇ ಹೊರಟರೆ ಏನಾಗುತ್ತದೋ ಅದೇ ಇಲ್ಲೂ ಆಗಿತ್ತು. ಗಾಡಿಗಳ ಮಟ್ಟಿಗೂ, ಹಡಗುಗಳ ಮಟ್ಟಿಗೂ.

ಉತ್ತರ ಚೆನ್ನೈನಲ್ಲಿ ಬಂದರಿನ ಝೀರೋ ಗೇಟಿನಿಂದ ಹಿಡಿದು ತಿರುವೊಟ್ಟಿಯೂರು ದಾಟಿ ಎಣ್ಣೂರು ಕಡೆಗೆ ಟ್ರೈಲರ್ ಸಾಲು. ಮಳೆ ನಿಂತ ಮೇಲೆ ಗಾಡಿ ಹೊರಡಿಸಿ ಅದೇ ಸಾಲಿಗೆ ಸೇರಿದ್ದ ನಮ್ಮ ಡ್ರೈವರ್ ಯಜಮಾನರನ್ನು ಹುಡುಕುವುದೇ ಒಂದು ಕೆಲಸವಾಯಿತು. ಕೊನೆಗೆ ಸಿಕ್ಕರು. ಟ್ರೈಲರಿನ ಪಕ್ಕದ ಪೆಟ್ಟಿಗೆಯಿಂದ ಸ್ಟೌ ತೆಗೆದು, ಎರಡು ಗಾಲಿಗಳ ನಡುವೆ ಗಾಳಿ ತಾಕದ ಹಾಗೆ ಇಟ್ಟು ಅನ್ನಕ್ಕೆ ಇಟ್ಟಿದ್ದರು. ಪಕ್ಕದಲ್ಲಿ ಕ್ಯಾನ್ ನೀರು. ಅಲ್ಲಿನ ನೀರು ಮುಟ್ಟೋ ಹಾಗಿರಲಿಲ್ಲ. ಮಣಲಿಯ ತೈಲ ಸಂಸ್ಕರಣಾ ಘಟಕದಿಂದ ಎಣ್ಣೆ ಪ್ರವಾಹದ ನೀರಿಗೆ ಸೇರಿ ಎಣ್ಣೂರು ಅಳಿವೆಗೆ ಹರಿದಿತ್ತು. ಆ ಕಡೆಯ ಮನೆಗಳ ಗೋಡೆಯ ಮೇಲೆ ನೀರು ಎಲ್ಲಿಯವರೆಗೆ ಬಂದಿತ್ತು ಅನ್ನೋದಕ್ಕೆ ಕಪ್ಪು ಗೆರೆ ಎದ್ದಿತ್ತು. ಮೀನುಗಾರರ ಬಲೆ, ದೋಣಿ ಎಲ್ಲದಕ್ಕೂ ಜಿಡ್ಡು. ನಮ್ಮ ಕಂಟೇನರ್ ತಡವಾಯಿತು ಅನ್ನುವ ಚಿಂತೆಯನ್ನು ಅವರ ಮುಂದೆ ಹೇಳಿಕೊಳ್ಳುವುದಕ್ಕೂ ನಾಚಿಕೆ.

"ಊಟ ಮಾಡಿ ಸಾರ್" ಅಂದರು ಯಜಮಾನರು. "ಇನ್ನೂ ಇಲ್ಲೇ ಇರ್ತೀನಿ, ಓಡೋಗಲ್ಲ."

ಸಾಲಿನಲ್ಲಿ ಅರ್ಧಕ್ಕರ್ಧ ಗಾಡಿಗಳ ಹಡಗು ಇನ್ನೂ ಬಂದೇ ಇರಲಿಲ್ಲ. ಆದರೂ ಎಲ್ಲರೂ ಬಂದು ನಿಂತಿದ್ದರು, ಎಲ್ಲಿ ಕಟ್‌ಆಫ್ ತಪ್ಪುತ್ತದೋ ಅಂತ. ನನ್ನ ಪ್ರಕಾರ ಬಂದರುಗಳು ಇವತ್ತಿಗೂ ಸರಿಯಾಗಿ ಮಾಡದೇ ಇರುವ ಕೆಲಸ ಇದೇ. ಹಡಗಿಗೆ ಲಂಗರು ಜಾಗ ಕೊಡುತ್ತಾರೆ, ನಂಬರ್ ಕೊಡುತ್ತಾರೆ. ಲಾರಿಗೆ ಸುಮ್ನೆ ರಸ್ತೆ. 2021ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳ ಮುಂದೆ ನೂರಕ್ಕೂ ಜಾಸ್ತಿ ಹಡಗು ಕಾದು ನಿಂತಾಗ ಅವರು ಆ ವರ್ಷದ ನವೆಂಬರ್‌ನಲ್ಲಿ ಸರದಿಯನ್ನೇ ಬದಲಾಯಿಸಿದರು. ಹಿಂದಿನ ಬಂದರು ಬಿಟ್ಟ ಹೊತ್ತಿನ ಲೆಕ್ಕದಲ್ಲಿ ಸರದಿ ಕೊಟ್ಟರು, ಹಾಗಾಗಿ ದಡದ ಹತ್ತಿರ ಬಂದು ಗುಂಪು ಕಟ್ಟುವ ಅಗತ್ಯ ಉಳಿಯಲಿಲ್ಲ. ಯಾರ್ಡಿನಲ್ಲಿ ಬಹಳ ದಿನ ಕೂತ ಬಾಕ್ಸಿಗೆ ದಂಡ ಹಾಕುತ್ತೇವೆ ಅಂತ ಹೇಳಿದರು. ದಂಡ ಹಾಕಲೇ ಇಲ್ಲ, ಮುಂದೂಡುತ್ತಾ ಹೋದರು. ಆದರೆ ಹೇಳಿದ ಮಾತಿಗೇ ಹಳೇ ಬಾಕ್ಸುಗಳು ಕಡಿಮೆಯಾದವು. ಇಂಥದ್ದು ಲಾರಿ ಸಾಲಿಗೂ ಆಗಬಾರದೇಕೆ?

ಗೇಟಿನ ಹತ್ತಿರ ಇದ್ದಾಗಲೇ ಲೈನಿನವರಿಂದ ಮೇಲ್ ಬಂತು. ನಮ್ಮ ಹಡಗು ಚೆನ್ನೈಗೆ ಬರುವುದೇ ಇಲ್ಲ. ಎಷ್ಟೋ ದಿನ ಆಚೆ ಕಾಯುವ ಬದಲು ನೇರ ಮುಂದಿನ ಬಂದರಿಗೆ ಹೋಗಿ ವೇಳಾಪಟ್ಟಿ ಸರಿ ಮಾಡಿಕೊಳ್ಳುತ್ತೇವೆ ಅಂತ. 'ಒಮಿಟ್' ಅಂತಾರೆ ಇದಕ್ಕೆ. ಹಡಗಿನವರ ಕಡೆಯಿಂದ ನೋಡಿದರೆ ಸರಿ, ಒಂದು ಬಂದರಿಗೆ ಕಾದರೆ ಮುಂದಿನ ಎಲ್ಲ ಬಂದರಿಗೂ ತಡ. ಆದರೆ ಅದಕ್ಕೆ ಅಂತ ಒಳಗೆ ಹೋಗಿ ಕೂತಿರುವ ಬಾಕ್ಸ್ ಮುಂದಿನ ವಾರದ ಹಡಗಿಗೆ 'ರೋಲ್' ಆಗುತ್ತದೆ. ಹೊಸ ಹಡಗು, ಹೊಸ ಫಾರ್ಮ್ 13, ಕಸ್ಟಮ್ಸ್‌ನಲ್ಲಿ ಹಡಗಿನ ಹೆಸರು ತಿದ್ದುಪಡಿ. ಯಾರ್ಡಿನಲ್ಲಿ ಪುಕ್ಕಟೆ ದಿನ ಮುಗಿದ ಮೇಲೆ ಬಾಡಿಗೆ. ಏಜೆಂಟ್ ಮನೆಯಲ್ಲಿ ಮೊಣಕಾಲುದ್ದ ನೀರು ಬಂದಿತ್ತು, ಕಂಪ್ಯೂಟರ್ ಅಟ್ಟಕ್ಕೆ ಏರಿತ್ತು. ಮನುಷ್ಯ ಗೆಳೆಯನ ಅಂಗಡಿಯಲ್ಲಿ ಕೂತು ಇಷ್ಟನ್ನೂ ಮಾಡಿಸಿದರು.

ಬಾಡಿಗೆ ಯಾರು ಕಟ್ಟಬೇಕು ಅನ್ನುವ ಜಗಳ ಆಮೇಲೆ ವಾರಗಟ್ಟಲೆ ನಡೆಯಿತು. ಹಡಗು ಬಿಟ್ಟುಹೋದದ್ದು ಅವರು, ಬಾಡಿಗೆ ನಮಗ್ಯಾಕೆ ಅಂತ ನಾವು. ದೇವರ ಆಟ, ನಮ್ಮ ತಪ್ಪಲ್ಲ ಅಂತ ಅವರು. 2020ರ ಲಾಕ್‌ಡೌನ್‌ನಲ್ಲಿ ಡಿಟೆನ್ಷನ್, ಅಂದರೆ ಕಂಟೇನರ್ ಹೆಚ್ಚು ದಿನ ಇಟ್ಟುಕೊಂಡದ್ದಕ್ಕೆ ಶುಲ್ಕ, ಹಾಕಬೇಡಿ ಅಂತ ಶಿಪ್ಪಿಂಗ್ ಮಹಾನಿರ್ದೇಶನಾಲಯವೇ ಲೈನುಗಳಿಗೆ ಹೇಳಿತ್ತು. ಅದನ್ನೂ ಉದಾಹರಣೆ ಕೊಟ್ಟು ಪತ್ರ ಬರೆದೆ. ಮಳೆಯ ದಿನಗಳದ್ದು ಬಿಟ್ಟರು, ಉಳಿದದ್ದು ಕಟ್ಟಿದೆವು. ವಿಮೆ ಇದೆಯಲ್ಲ ಅಂತ ನಮ್ಮ ಮಾಲೀಕರು. ಪಾಲಿಸಿ ತೆಗೆದು ಓದಿದರೆ, ಮಾಲು ಕೆಟ್ಟರೆ ಅಥವಾ ಮುಳುಗಿದರೆ ದುಡ್ಡು, ತಡವಾದರೆ ಇಲ್ಲ. ತಡದಿಂದ ಆದ ನಷ್ಟ ಸಾಮಾನ್ಯ ಕಡಲ ವಿಮೆಯಲ್ಲಿ ಬರುವುದೇ ಇಲ್ಲ. ರಫ್ತು ಮಾಡುವವರು ಈ ಒಂದು ಸಾಲನ್ನು ಮೊದಲೇ ಓದಿಟ್ಟುಕೊಳ್ಳುವುದು ಒಳ್ಳೆಯದು.

ನಮಗೆ ಹೋದದ್ದು ಬಾಡಿಗೆ ಅಷ್ಟೇ. ಚಿಕ್ಕಬಳ್ಳಾಪುರದ ನನ್ನ ಸ್ನೇಹಿತರೊಬ್ಬರ ಕಥೆ ಕೇಳಿ. ಅವರು ಗುಲಾಬಿ ಈರುಳ್ಳಿ ಮಲೇಷ್ಯಾಕ್ಕೆ ಕಳಿಸುತ್ತಾರೆ, ಅದೂ ಚೆನ್ನೈ ಮೂಲಕವೇ. ಅವರ ಕಂಟೇನರ್ ಅದೇ ಸಾಲಿನಲ್ಲಿ ಎಲ್ಲೋ ಹಿಂದೆ ಇತ್ತು. ಡಿಸೆಂಬರ್ 8ರಿಂದ ಸರ್ಕಾರ ಈರುಳ್ಳಿ ರಫ್ತನ್ನೇ ನಿಷೇಧಿಸಿತು. ಅದಕ್ಕೆ ಮೊದಲೇ ಕಸ್ಟಮ್ಸ್ ಕೈಗೆ ಸೇರಿ ದಾಖಲಾದ ಮಾಲಿಗೆ ಮಾತ್ರ ಜನವರಿ 5ರವರೆಗೆ ವಿನಾಯಿತಿ. ಮಳೆ ಬರದಿದ್ದರೆ ಅವರ ಮಾಲು ಸೋಮವಾರವೇ ಒಳಗೆ ಹೋಗಿರುತ್ತಿತ್ತು. ಗೇಟಿನ ಒಳಗಿದ್ದವರದ್ದು ಹೋಯಿತು, ಹೊರಗಿದ್ದವರದ್ದು ಉಳಿಯಿತು. ಅವರು ಗಾಡಿ ತಿರುಗಿಸಿಕೊಂಡು ಬಂದು ಬೆಂಗಳೂರಿನಲ್ಲಿ ಸಿಕ್ಕಿದ ರೇಟಿಗೆ ಕೊಟ್ಟರು. ಅದೂ ಅರ್ಧ ಮೊಳಕೆ ಒಡೆದಿತ್ತು.

ನಮ್ಮ ಎರಡೂ ಬಾಕ್ಸ್ ಮುಂದಿನ ವಾರ ಹಡಗು ಹತ್ತಿ ಕೊಲಂಬೊ ಸೇರಿದವು. ಗೆದ್ದೆವು ಅಂದುಕೊಂಡೆವು. ಅಷ್ಟರಲ್ಲಿ ಸೂಯೆಜ್ ಕಾಲುವೆಗೆ ಹೋಗುವ ದಾರಿಯಾದ ಕೆಂಪು ಸಮುದ್ರದಲ್ಲಿ ಗಲಾಟೆ. ನವೆಂಬರ್ 19ರಂದೇ ಯೆಮನ್‌ನ ಹೌತಿ ಬಂಡುಕೋರರು 'ಗ್ಯಾಲಕ್ಸಿ ಲೀಡರ್' ಅನ್ನುವ ಹಡಗನ್ನು ಹಿಡಿದಿದ್ದರು. ಡಿಸೆಂಬರ್ 15ರಿಂದ ಒಂದೊಂದೇ ದೊಡ್ಡ ಲೈನುಗಳು ಆ ದಾರಿ ಬಿಟ್ಟವು. ಇನ್ನು ಯುರೋಪಿಗೆ ಹೋಗಬೇಕಂದರೆ ಆಫ್ರಿಕಾ ಸುತ್ತಿ, ಗುಡ್ ಹೋಪ್ ಭೂಶಿರದ ಮೇಲೆ. ಹತ್ತರಿಂದ ಹದಿನಾಲ್ಕು ದಿನ ಜಾಸ್ತಿ.

ದಾರಿ ಉದ್ದವಾಯಿತು ಅಷ್ಟೇ ತಾನೇ ಅನಿಸಬಹುದು. ಪೆಟ್ಟು ಬೀಳುವುದು ಮತ್ತೆ ಬಂದರುಗಳಿಗೆ. ಹಡಗು ಸುತ್ತಿ ಬರುವುದರಿಂದ ವಾರಕ್ಕೊಂದು ಬರಬೇಕಾದವು ಒಂದು ವಾರ ಬರುವುದೇ ಇಲ್ಲ, ಮುಂದಿನ ವಾರ ಮೂರು ಒಟ್ಟಿಗೆ ಬರುತ್ತವೆ. ಕೆಂಪು ಸಮುದ್ರದ ಕಡೆಗೆ ಹೋಗಬೇಕಾದ ಬಾಕ್ಸುಗಳೆಲ್ಲ ಕೊಲಂಬೊದಲ್ಲಿ, 2024ರ ಬೇಸಿಗೆಯ ಹೊತ್ತಿಗೆ ಸಿಂಗಾಪುರದಲ್ಲಿ ಇಳಿದು ಕೂತವು. ಸಿಂಗಾಪುರದವರು ಆಗ ಏನು ಮಾಡಿದರು ಗೊತ್ತಾ? ಅಲ್ಲಿನ ಕೆಪಲ್ ಟರ್ಮಿನಲ್‌ನಲ್ಲಿ ಬಳಕೆ ನಿಲ್ಲಿಸಿದ್ದ ಹಳೇ ಜೆಟ್ಟಿ, ಹಳೇ ಯಾರ್ಡುಗಳನ್ನು ಮತ್ತೆ ತೆರೆದರು. ಬೇಡ ಅಂತ ಬಿಟ್ಟ ಜಾಗವನ್ನು ಮಾರದೆ ಇಟ್ಟುಕೊಂಡಿದ್ದು ಕೆಲಸಕ್ಕೆ ಬಂತು. ನಮ್ಮಲ್ಲಿ ಖಾಲಿ ಜಾಗ ಕಂಡರೆ ಆಡಿಟ್‌ನವರು ಸುಮ್ನೆ ಬಿಡುತ್ತಾರಾ?

ಕೊಲಂಬೊದಲ್ಲಿ ನಮ್ಮ ಬಾಕ್ಸ್ ವಾರಗಟ್ಟಲೆ ಕೂತಿತ್ತು. ಮಾಲಿಗೇನೂ ಆಗಲಿಲ್ಲ, ಮಿಡಿಸೌತೆ ವಿನೆಗರ್‌ನಲ್ಲಿ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ದುಡ್ಡು ಮಾತ್ರ ಕೂತಿತು. ಬೈಯರ್ ಕೈಗೆ ಮಾಲು ಸಿಗದೆ ನಮಗೆ ಬಾಕಿ ಬರುವುದಿಲ್ಲ, ಬ್ಯಾಂಕಿನ ಸಾಲದ ಬಡ್ಡಿ ಓಡುತ್ತಲೇ ಇರುತ್ತದೆ, ರೈತರಿಗೆ ಬಿಲ್ ಕೊಡಬೇಕು.

ಆ ಹೊತ್ತಿನಲ್ಲೇ ಒಪ್ಪಂದದ ಮೂರಕ್ಷರಗಳ ಬೆಲೆ ತಿಳಿದದ್ದು. ನಮ್ಮ ಒಂದು ಬಾಕ್ಸ್ ಎಫ್‌ಒಬಿ, ಅಂದರೆ ಚೆನ್ನೈನಲ್ಲಿ ಹಡಗು ಹತ್ತುವವರೆಗಿನ ಖರ್ಚು ನಮ್ಮದು, ಆಮೇಲಿನದ್ದು ಬೈಯರ್‌ದು. ಇನ್ನೊಂದು ಸಿಐಎಫ್, ಆಂಟ್‌ವರ್ಪ್‌ವರೆಗಿನ ಬಾಡಿಗೆ, ವಿಮೆ ಎರಡೂ ನಾವೇ ಕಟ್ಟಬೇಕು. ಹಾಗಾಗಿ ಚಂಡಮಾರುತದ ಪೆಟ್ಟು ಎರಡರಲ್ಲೂ ನಮಗೇ ಬಿತ್ತು. ಕೆಂಪು ಸಮುದ್ರದ ಪೆಟ್ಟು ಒಂದರಲ್ಲಿ ಬೈಯರ್‌ಗೆ, ಇನ್ನೊಂದರಲ್ಲಿ ನಮಗೆ. ಸರ್‌ಚಾರ್ಜ್ ಬಿಲ್ ನೋಡಿ ಮಾಲೀಕರು ಸಿಐಎಫ್ ಅನ್ನುವ ಹೆಸರೇ ಎತ್ತಬೇಡ ಅಂದರು. ಜನವರಿಯಲ್ಲಿ ಯುರೋಪಿನ ಬಾಡಿಗೆ ದುಪ್ಪಟ್ಟು ದಾಟಿತ್ತು. ಅದಕ್ಕಿಂತ ತಲೆನೋವು ಖಾಲಿ ಕಂಟೇನರ್ ಸಿಗದಿರುವುದು. ಹಡಗು ತಡವಾಗಿ ಬಂದರೆ ಖಾಲಿ ಬಾಕ್ಸೂ ತಡವಾಗಿ ವಾಪಸ್ ಬರುತ್ತದೆ. ಕೊನೆಗೆ ಸಿಕ್ಕಿದ್ದರಲ್ಲಿ ನಮ್ಮ ಹುಡುಗ ಒಳಗೆ ನಿಂತರೆ ಒಂದಲ್ಲ, ನಾಲ್ಕು ಕಡೆ ಬೆಳಕು. ಬೇರೆ ದಾರಿ ಇರಲಿಲ್ಲ, ತೇಪೆ ಹಾಕಿಸಿ ಕಳಿಸಿದೆವು.

ಮಂಗಳೂರಿನಿಂದ ಕಳಿಸಿದರೆ ಹೇಗೆ ಅಂತಲೂ ಲೆಕ್ಕ ಹಾಕಿದೆವು. ದೂರ ಕಡಿಮೆ, ಬಂದರು ಅಷ್ಟು ಗಿಜಿಗಿಜಿ ಅಲ್ಲ. ಆದರೆ ಹಡಗುಗಳ ಸಂಖ್ಯೆ ಕಡಿಮೆ, ಅವೂ ಹೋಗುವುದು ಕೊಲಂಬೊಗೇ. ಜೊತೆಗೆ ಮಳೆಗಾಲದಲ್ಲಿ ಶಿರಾಡಿ ಘಾಟಿಯನ್ನು ನಂಬುವ ಹಾಗಿಲ್ಲ, 2024ರ ಜುಲೈನಲ್ಲಿ ಗುಡ್ಡ ಕುಸಿದು ರಸ್ತೆ ನಿಂತಿತ್ತು. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿರುವ ಒಳನಾಡು ಕಂಟೇನರ್ ಡಿಪೋಗೆ ಕೊಟ್ಟು ರೈಲಿನಲ್ಲಿ ಚೆನ್ನೈಗೆ ಕಳಿಸುವುದು ನಮಗೆ ಹೆಚ್ಚು ಹಿಡಿಸಿತು. ರೈಲು ನಿಂತರೂ ಬಾಕ್ಸ್ ಬೆಂಗಳೂರಿನಲ್ಲೇ ಇರುತ್ತದೆ, ಎಣ್ಣೂರು ರಸ್ತೆಯಲ್ಲಿ ಡ್ರೈವರ್ ಅನ್ನ ಮಾಡಿಕೊಂಡು ಕೂರಬೇಕಾಗಿಲ್ಲ. ಖರ್ಚು ಸ್ವಲ್ಪ ಜಾಸ್ತಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮಾತ್ರ ಹಾಗೆ ಮಾಡುತ್ತೇವೆ. ಉಳಿದ ತಿಂಗಳು ರಸ್ತೆಯೇ.

2024ರ ನವೆಂಬರ್ ಕೊನೆಯಲ್ಲಿ ಫೆಂಗಲ್ ಬಂತು. 30ರ ರಾತ್ರಿ ಪುದುಚೇರಿ ಹತ್ತಿರ ದಡ ಸೇರಿತು, ಚೆನ್ನೈ ವಿಮಾನ ನಿಲ್ದಾಣ ಮತ್ತೆ ಮುಚ್ಚಿತು. ಹಿಂದಿನ ಗುರುವಾರವೇ ಏಜೆಂಟ್ ಫೋನ್ ಮಾಡಿ "ಸಾರ್, ಕಂಬಕ್ಕೆ ನಂಬರ್ ಏರಿಸಿದಾರೆ" ಅಂದರು. ಬಾಕ್ಸ್ ತುಂಬಿಸಿ ಆಗಿತ್ತು, ಸೀಲ್ ಹಾಕಿರಲಿಲ್ಲ. ಹಾಕುವುದು ಬೇಡ ಅಂದೆ. ಲೈನಿನವರು ಎರಡು ಸಲ ಕಟ್‌ಆಫ್ ಮುಂದಕ್ಕೆ ಹಾಕಿದರು. ಅಷ್ಟೂ ದಿನ ಟ್ರೈಲರ್ ನಮ್ಮ ಅಂಗಳದಲ್ಲೇ ನಿಂತಿತ್ತು. ಯಜಮಾನರು ಪಾವಗಡಕ್ಕೆ ಹೋಗಿ ಮೊಮ್ಮಗನ ನಾಮಕರಣ ಮುಗಿಸಿಕೊಂಡು ಬಂದು, ವಾರದ ನಡುವೆ ವೈಟ್‌ಫೀಲ್ಡಿನ ಕಡೆ ಗಾಡಿ ಹೊರಡಿಸಿದರು. ನಿಂತ ದಿನಗಳಿಗೆ ಕೂಲಿ ಎಷ್ಟು ಅಂತ ಅವರೂ ಮಾಲೀಕರೂ ಇನ್ನೂ ಚೌಕಾಸಿ ಮಾಡುತ್ತಿದ್ದಾರೆ.